ಶುಕ್ರವಾರ ಸಹಿ ಹಾಕಬೇಕಾದ 38 ಪುಟದ ಕರಾರು: ಯಾವ ಷರತ್ತಿಗೆ ಬೇಡ ಎನ್ನಲಿ?

ವಾಕಡ್ ಅಡುಗೆಮನೆ
ಸೋಮವಾರ, ರಾತ್ರಿ 10.50

ಕಂಪನಿಗಳಿಗೆ ಕೆಲಸ ಮಾಡಿಕೊಡುವ ಪುಣೆ, ಮುಂಬೈ ಕನ್ನಡಿಗರನ್ನು ಒಂದು ಮಾತು ಕೇಳಬೇಕಿತ್ತು.

ನಾನು ಕುಂದಾಪುರದ ಕಡೆಯವನು. ವಾಕಡಿನಲ್ಲಿ ಅಡುಗೆಮನೆ ಇಟ್ಟುಕೊಂಡು ಹನ್ನೊಂದು ವರ್ಷವಾಯಿತು, ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಮದುವೆ, ಉಪನಯನ, ಸಣ್ಣ ಕಚೇರಿಗಳ ಮಧ್ಯಾಹ್ನದ ಡಬ್ಬಿ, ಇಷ್ಟರಲ್ಲೇ ಸಾಗುತ್ತಿತ್ತು. ನಡುವೆ ಒಮ್ಮೆ ಖರಾಡಿಯಲ್ಲಿ ಒಂದು ಕ್ಯಾಂಟೀನ್ ನಡೆಸಿ ಕೈ ಸುಟ್ಟುಕೊಂಡಿದ್ದೇನೆ, ಆ ಕಥೆ ಆಮೇಲೆ. ಈಗ ಹಿಂಜೇವಾಡಿಯ ಒಂದು ಕಂಪನಿಯ ಕ್ಯಾಂಟೀನ್ ಸಿಗುವ ಹಂತದಲ್ಲಿದೆ. ದಿನಕ್ಕೆ ಸುಮಾರು 420 ಊಟ, ಊಟಕ್ಕೆ 85 ರೂಪಾಯಿ, ತಿಂಗಳಿಗೆ 22 ದಿನ. ಸಾರಿನ ರುಚಿ ನೋಡಿ ಹೋದ ಅಧಿಕಾರಿ ಒಳ್ಳೆಯ ಮನುಷ್ಯ, ‘ನಮ್ಮಲ್ಲಿ ಏನೂ ತೊಂದರೆ ಇಲ್ಲ’ ಎಂದರು. ಮರುದಿನ 38 ಪುಟದ ಇಂಗ್ಲಿಷ್ ಕರಾರು ಬಂತು. ಶುಕ್ರವಾರದೊಳಗೆ ಸಹಿ ಹಾಕಿ ಕೊಡಬೇಕಂತೆ.

ಮಗಳು ಕುಳಿತು ಓದಿ ಹೇಳಿದಳು. ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದದ್ದು ಇಷ್ಟು: ಬಿಲ್ ‘ಅಂಗೀಕಾರ’ವಾದ 60 ದಿನಕ್ಕೆ ಹಣ. ಎರಡು ವರ್ಷ ದರ ಬದಲಾಗುವಂತಿಲ್ಲ. ಒಂದು ದೂರಿಗೆ 10,000 ರೂಪಾಯಿ ದಂಡ, ದೂರು ಸರಿಯೋ ತಪ್ಪೋ ಎಂಬ ತೀರ್ಮಾನವೂ ಕಂಪನಿಯದೇ. ಮೂರು ಲಕ್ಷ ಠೇವಣಿ. ಅವರು 15 ದಿನದ ನೋಟಿಸ್ ಕೊಟ್ಟು ಕಾರಣ ಹೇಳದೆ ಬಿಡಿಸಬಹುದು, ನಾನು ಬಿಡಬೇಕಾದರೆ 90 ದಿನ. ಕರಾರು ನಡೆಯುವಾಗಲೂ, ಮುಗಿದ ಮೇಲೆ ಎರಡು ವರ್ಷವೂ ಐದು ಕಿಲೋಮೀಟರ್ ಒಳಗೆ ಬೇರೆ ಕಂಪನಿಗೆ ಊಟ ಕೊಡುವಂತಿಲ್ಲ. ಜಗಳವಾದರೆ ಕಂಪನಿಯ ಆಡಳಿತ ನಿರ್ದೇಶಕರು ನೇಮಿಸಿದ ಒಬ್ಬ ಮಧ್ಯಸ್ಥಗಾರರು, ವಿಚಾರಣೆ ಗುರುಗ್ರಾಮದಲ್ಲಿ.

ಎಲ್ಲದಕ್ಕೂ ಬೇಡ ಎಂದರೆ ಕೆಲಸ ಕೈತಪ್ಪುತ್ತದೆ. ಯಾವುದಕ್ಕೆ ಬೇಡ ಎನ್ನಲಿ, ಯಾವುದನ್ನು ನುಂಗಿಕೊಳ್ಳಲಿ?

ಭೋಸರಿ ಲೇತ್
ಸೋಮವಾರ, ರಾತ್ರಿ 11.15

ಸಹಿ ಹಾಕಿ, ಕೆಲಸ ಶುರು ಮಾಡಿ. ಇಪ್ಪತ್ತೆರಡು ವರ್ಷದಿಂದ ಜಾಬ್‌ವರ್ಕ್ ಮಾಡುತ್ತಿದ್ದೇನೆ, ಯಾವ ಕಂಪನಿಯೂ ನನಗಾಗಿ ಒಂದು ಅಲ್ಪವಿರಾಮ ತೆಗೆದಿಲ್ಲ. ಹಣ ಕೊಡುವವರು ಕರಾರು ನೋಡಿ ಕೊಡುವುದಿಲ್ಲ, ಮುಖ ನೋಡಿ ಕೊಡುತ್ತಾರೆ.

ಮುಲುಂಡ್ ವಿನ್ಯಾಸ
ಸೋಮವಾರ, ರಾತ್ರಿ 11.32

ಆ ಮುಖ ಆರು ತಿಂಗಳಲ್ಲಿ ಬೇರೆ ಕಂಪನಿಗೆ ಹೋದರೆ?

ನಾನು ಪೆಟ್ಟಿಗೆ, ಲೇಬಲ್ ವಿನ್ಯಾಸ ಮಾಡುವವಳು. ಒಂದು ತಿಂಡಿ ತಯಾರಕರ ಕರಾರಿನಲ್ಲಿ ‘ಗ್ರಾಹಕರಿಗೆ ತೃಪ್ತಿಯಾಗುವವರೆಗೆ ತಿದ್ದಿಕೊಡಬೇಕು’ ಎಂದಿತ್ತು. ಎಷ್ಟು ಸಲ ಎಂದು ಇರಲಿಲ್ಲ. ಮೊದಲ ಮ್ಯಾನೇಜರ್ ಮೂರನೆಯ ಸುತ್ತಿಗೆ ತೃಪ್ತರಾದರು, ಅದೂ ಫೋನಿನಲ್ಲಿ. ಅವರು ಹೋದರು. ಹೊಸಬರು ಬಂದು ಚಕ್ಕುಲಿ ಪೊಟ್ಟಣಕ್ಕೆ ಅರಿಶಿನ ಬೇಡ, ಕುಂಕುಮದ ಬಣ್ಣ ಎಂದರು. ಆಮೇಲೆ ಹಸಿರು. ಇಪ್ಪತ್ತೇಳನೆಯ ಸಲಕ್ಕೆ ಮತ್ತೆ ಅರಿಶಿನಕ್ಕೆ ಬಂದು ನಿಂತಿತು. ಹಣ ಮೊದಲು ಮಾತಾದಷ್ಟೇ.

ಅಂದಿನಿಂದ ನನ್ನ ಕರಾರಿನಲ್ಲಿ ಎರಡು ಸಾಲು ಇರಲೇಬೇಕು. ಎರಡು ಸುತ್ತು ತಿದ್ದುಪಡಿ ದರದಲ್ಲೇ ಸೇರಿದೆ, ಮೂರನೆಯದಕ್ಕೆ ಪ್ರತ್ಯೇಕ ಹಣ. ಕಳುಹಿಸಿದ ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ. ಹಕ್ಕಿನ ವಿಷಯವೂ ಇದೆ. ವಿನ್ಯಾಸದ ಹಕ್ಕನ್ನು ಬರಹದಲ್ಲಿ ಸಹಿ ಹಾಕಿಯೇ ವರ್ಗಾಯಿಸಬೇಕು. ಕಾಲ ನಮೂದಿಸದಿದ್ದರೆ ಐದು ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಅದಕ್ಕೇ ಕಂಪನಿಗಳು ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಬರೆಸಿಕೊಳ್ಳುತ್ತವೆ. ಬರೆಯಲಿ, ಆದರೆ ‘ಪೂರ್ತಿ ಹಣ ಸಂದ ಮೇಲೆ’ ಎಂಬ ನಾಲ್ಕು ಪದ ನಾನು ಸೇರಿಸುತ್ತೇನೆ. ಬಾಕಿ ವಸೂಲಿಗೆ ಆ ನಾಲ್ಕು ಪದದಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಶಿವಾಜಿನಗರದ ಕರಿಕೋಟು
ಮಂಗಳವಾರ, ಬೆಳಿಗ್ಗೆ 7.05

ವೃತ್ತಿಯಿಂದ ವಕೀಲೆ, ಊರು ಧಾರವಾಡ. ಕರಾರು ನೋಡದೆ ಹೇಳುತ್ತಿರುವುದರಿಂದ ಇದನ್ನು ನೆರೆಮನೆಯವಳ ಮಾತು ಎಂದುಕೊಳ್ಳಿ, ವಕಾಲತ್ತು ಎಂದಲ್ಲ.

ಅಡುಗೆಮನೆಯವರೇ, ಕೆಟ್ಟ ಷರತ್ತುಗಳಲ್ಲಿ ಎರಡು ಜಾತಿ. ಕೆಲವು ಸಹಿ ಹಾಕಿದರೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಕೆಲವು ನಿಲ್ಲುತ್ತವೆ, ದಿನಾ ಕಚ್ಚುತ್ತವೆ. ಜನ ಮೊದಲನೆಯದನ್ನು ನೋಡಿ ಹೆದರಿ ಜಗಳವಾಡುತ್ತಾರೆ, ಎರಡನೆಯದಕ್ಕೆ ಬರುವ ಹೊತ್ತಿಗೆ ಉಸಿರು ಮುಗಿದಿರುತ್ತದೆ.

ನಿಮ್ಮ ಪಟ್ಟಿಯಲ್ಲಿ ‘ಮುಗಿದ ಮೇಲೆ ಎರಡು ವರ್ಷ’ ಎಂಬುದು ಮೊದಲ ಜಾತಿ. ವ್ಯಾಪಾರಕ್ಕೆ ಅಡ್ಡಿ ಮಾಡುವ ಒಪ್ಪಂದ ಶೂನ್ಯ ಎಂದು 1872ರ ಕರಾರು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಆದರೆ ‘ಕರಾರು ನಡೆಯುವಾಗ’ ಎಂಬ ಅರ್ಧಭಾಗಕ್ಕೆ ನ್ಯಾಯಾಲಯಗಳು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಹಾಗಾಗಿ ಕೇಳುವುದಾದರೆ ಆ ಅರ್ಧವನ್ನು ತೆಗೆಸಿ. ಹಿಂಜೇವಾಡಿಯಲ್ಲಿ ಐದು ಕಿಲೋಮೀಟರ್ ಎಂದರೆ ನಿಮ್ಮ ಡಬ್ಬಿ ಗಿರಾಕಿಗಳೆಲ್ಲ ಅದರೊಳಗೇ ಬರುತ್ತಾರೆ, ನಕ್ಷೆ ತೆಗೆದು ನೋಡಿ. ಆಡಳಿತ ನಿರ್ದೇಶಕರೇ ಮಧ್ಯಸ್ಥಗಾರರನ್ನು ನೇಮಿಸುವುದೂ ನಿಲ್ಲುವುದಿಲ್ಲ. ವಿವಾದದ ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ಏಕ ಮಧ್ಯಸ್ಥಗಾರರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ, ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ.

ದಂಡದ ವಿಷಯ ಸೂಕ್ಷ್ಮ. 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ, ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗಬೇಕು. ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ಬಿಲ್ಲಿನ ಹಣ ಅವರ ಕೈಯಲ್ಲಿರುತ್ತದೆ. ಅವರು ಮುರಿದುಕೊಂಡು ಉಳಿದದ್ದನ್ನು ಕಳುಹಿಸುತ್ತಾರೆ, ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದವರು ನೀವು. ಯಾವುದೇ ಷರತ್ತು ಓದುವಾಗಲೂ ನಾನು ಮೊದಲು ನೋಡುವುದು ಜಗಳದ ದಿನ ಹಣ ಯಾರ ಕೈಯಲ್ಲಿರುತ್ತದೆ ಎಂಬುದನ್ನು.

ಎರಡು ಪ್ರಶ್ನೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಇದೆಯೇ? ನಷ್ಟಭರ್ತಿಯ ಷರತ್ತು ಎಲ್ಲಿ? 38 ಪುಟದಲ್ಲಿ ಅದು ಇಲ್ಲದೇ ಇರುವುದಿಲ್ಲ.

ವಾಕಡ್ ಅಡುಗೆಮನೆ
ಮಂಗಳವಾರ, ಬೆಳಿಗ್ಗೆ 9.40

ವಕೀಲರೇ, ಬಹಳ ಉಪಕಾರವಾಯಿತು. ಉದ್ಯಮ್ ಪ್ರಮಾಣಪತ್ರ 2021ರಲ್ಲಿ ಬ್ಯಾಂಕ್ ಸಾಲಕ್ಕೆಂದು ಮಾಡಿಸಿದ್ದು, ಆಮೇಲೆ ಅದರ ಮುಖ ನೋಡಿಲ್ಲ. ನಷ್ಟಭರ್ತಿ 17ನೇ ಪುಟದಲ್ಲಿದೆ: ಕಂಪನಿಗೆ ಆಗುವ ‘ಯಾವುದೇ ಬಗೆಯ ಎಲ್ಲ ನಷ್ಟ’ ನಾನು ತುಂಬಿಕೊಡಬೇಕು. ಮಗಳು ಅದನ್ನು ಮಾಮೂಲಿ ಎಂದು ಬಿಟ್ಟಿದ್ದಳಂತೆ.

ಶಿವಾಜಿನಗರದ ಕರಿಕೋಟು
ಮಂಗಳವಾರ, ಬೆಳಿಗ್ಗೆ 9.58

ಅವಳನ್ನು ಬೈಯಬೇಡಿ. ಉಳಿದದ್ದನ್ನೆಲ್ಲ ಸರಿಯಾಗಿಯೇ ಗುರುತಿಸಿದ್ದಾಳೆ.

‘ನಮ್ಮ ಅಡುಗೆಮನೆಯ ತಪ್ಪಿನಿಂದ ಆಯಿತೆಂದು ಸಾಬೀತಾದ ನಷ್ಟ, ಮೂರು ತಿಂಗಳ ಬಿಲ್ ಮೊತ್ತ ಮೀರದಂತೆ’ ಎಂದು ಬದಲಿಸಿ ಕೇಳಿ. ಪ್ರತಿದಿನದ ಪ್ರತಿ ಪದಾರ್ಥದ ಒಂದು ಬಟ್ಟಲು ಮಾದರಿಯನ್ನು ತಾರೀಕು ಬರೆದು ಫ್ರಿಜ್ಜಿನಲ್ಲಿಡುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಕೂದಲು, ಕಲ್ಲು, ಹೊಟ್ಟೆನೋವು ಎಂಬ ದೂರು ಬಂದಾಗ ಆ ಬಟ್ಟಲೇ ನಿಮ್ಮ ಸಾಕ್ಷಿ.

ಉದ್ಯಮ್ ಇರುವುದು ದೊಡ್ಡ ಮಾತು, ಅದೂ ಕರಾರಿಗೆ ಮೊದಲೇ ಇರುವುದು. 2006ರ ಎಂಎಸ್‌ಎಂಇಡಿ (ಕಿರು, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮದವರಿಗೆ, ಸರಕನ್ನೋ ಸೇವೆಯನ್ನೋ ಸ್ವೀಕರಿಸಿದ ದಿನದಿಂದ 45 ದಿನ ಮೀರಿ ಹಣ ತಡೆಯುವಂತಿಲ್ಲ. ಬರವಣಿಗೆಯ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಕರಾರಿನಲ್ಲಿ 60 ಎಂದಿದ್ದರೂ ಕಾಯ್ದೆಯದೇ ಮೇಲುಗೈ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ನಿಮಗೆ ಶೇ 18.

ದಾದರ್ ಲೆಕ್ಕ
ಮಂಗಳವಾರ, ಮಧ್ಯಾಹ್ನ 1.20

ಅಂಗೀಕಾರದಿಂದ 60 ದಿನ ಎಂದರೇನು ಎಂದು ಒಂದು ಸಣ್ಣ ಲೆಕ್ಕ ಹಾಕಿದೆ. 420 ಊಟ, 85 ರೂಪಾಯಿ: ದಿನಕ್ಕೆ 35,700. ತಿಂಗಳಿಗೆ 7,85,400. ಮೊದಲ ತಿಂಗಳು ಮುಗಿದ ಮೇಲೆ ಬಿಲ್, ಬಿಲ್ ಪರಿಶೀಲನೆಗೆ ಹತ್ತು ದಿನ, ಅಲ್ಲಿಂದ 60. ಮೊದಲ ರೂಪಾಯಿ ಬರುವುದು ನೂರನೆಯ ದಿನ. ಅಷ್ಟರಲ್ಲಿ ನೀವು ಮೂರು ತಿಂಗಳ ಊಟ, ಅಂದರೆ 23,56,200 ರೂಪಾಯಿಯಷ್ಟು ಬಡಿಸಿರುತ್ತೀರಿ. ತಿಂಗಳಿಗೆ 39,270ರಂತೆ ಶೇ 5ರ ಜಿಎಸ್‌ಟಿಯನ್ನು, ಹಣ ಬಂದಿರಲಿ ಬಿಡಲಿ, ಮುಂದಿನ ತಿಂಗಳು ಕಟ್ಟಿರುತ್ತೀರಿ. ಅದರ ಮೇಲೆ ಮೂರು ಲಕ್ಷ ಠೇವಣಿ. ಕಿರಾಣಿ ಅಂಗಡಿಯವರು ನಿಮಗೆ ನೂರು ದಿನ ಸಾಲ ಕೊಡುತ್ತಾರೆಯೇ?

ಇನ್ನೊಂದು ಹಿಡಿಕೆಯೂ ಇದೆ. 1961ರ ಆದಾಯ ತೆರಿಗೆ ಕಾಯ್ದೆಗೆ 2023ರ ಹಣಕಾಸು ಕಾಯ್ದೆ ತಂದ 43ಬಿ(ಎಚ್) ಎಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಿರು, ಸಣ್ಣ ಉದ್ಯಮದವರಿಗೆ ಗಡುವಿನೊಳಗೆ ಹಣ ಕೊಡದೆ ವರ್ಷ ದಾಟಿಸಿದರೆ, ಆ ಖರ್ಚನ್ನು ಕಂಪನಿ ಆ ವರ್ಷದ ಆದಾಯದಲ್ಲಿ ಕಳೆಯುವಂತಿಲ್ಲ. ಕೊಟ್ಟ ವರ್ಷದಲ್ಲೇ ಕಳೆಯಬೇಕು. ಮಾರ್ಚ್ ಹತ್ತಿರವಾದಂತೆ ಲೆಕ್ಕ ವಿಭಾಗದವರು ತಾವಾಗಿಯೇ ಉದ್ಯಮ್ ಸಂಖ್ಯೆ ಕೇಳಿಕೊಂಡು ಫೋನ್ ಮಾಡುವುದು ಇದೇ ಕಾರಣಕ್ಕೆ. ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ತಲೆಯ ಮೇಲೆ ಅಚ್ಚು ಹಾಕಿಸಿ. ಬರಿಯ ಕೊಂಡು ಮಾರುವ ವ್ಯಾಪಾರಿಗಳಿಗೆ ಈ 45 ದಿನದ ರಕ್ಷಣೆ ಇಲ್ಲ, ಅವರಿಗೆ ಉದ್ಯಮ್ ನೋಂದಣಿ ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ನೀವು ಅಡುಗೆ ಮಾಡಿ ಬಡಿಸುವವರು, ನಿಮಗಿದೆ.

ಭೋಸರಿ ಲೇತ್
ಮಂಗಳವಾರ, ಮಧ್ಯಾಹ್ನ 2.05

ಸ್ವೀಕರಿಸಿದ ದಿನದಿಂದ 45 ಎನ್ನುತ್ತೀರಿ. ಸ್ವೀಕರಿಸಿದ್ದು ಯಾವತ್ತು ಎಂದು ಬರೆಯುವವರು ಯಾರು?

2016ರಲ್ಲಿ 1,200 ಬುಷ್ (ಯಂತ್ರಕ್ಕೆ ಹಾಕುವ ಲೋಹದ ಬಳೆ) ಮಾಡಿ ಕೊಟ್ಟೆ. ಟೆಂಪೊ ಒಳಗೆ ಹೋಯಿತು. ಚಲನ್ ಮೇಲೆ ಬಿದ್ದದ್ದು ಗೇಟಿನ ಮುದ್ರೆ ಮಾತ್ರ, ತಾರೀಕು ಅರ್ಧ ಅಳಿಸಿತ್ತು. ಕಂಪ್ಯೂಟರಿನಲ್ಲಿ ಸರಕು ಸ್ವೀಕೃತಿ ನಮೂದಾದದ್ದು ಐವತ್ತು ದಿನ ಕಳೆದು. ನಾಲ್ಕನೇ ತಿಂಗಳು 340 ಬುಷ್ ರಿಜೆಕ್ಟ್, ಅದರ ಹಣ ಮುರಿದುಕೊಂಡಿದ್ದೇವೆ ಎಂದು ಡೆಬಿಟ್ ನೋಟ್ ಬಂತು. ಬುಷ್ ವಾಪಸ್ ಕೊಡಿ ಎಂದರೆ ಲೈನಿನಲ್ಲಿ ಹಾಕಿಬಿಟ್ಟಿದ್ದೇವೆ ಎಂದರು! ಕೆಟ್ಟ ಬುಷ್ ಲೈನಿಗೆ ಹೋದದ್ದು ಹೇಗೆ ಎಂದು ಕೇಳಿದ್ದಕ್ಕೆ ಇವತ್ತಿಗೂ ಉತ್ತರವಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ.

ಸಣ್ಣ ಉದ್ಯಮದವರ ಬಾಕಿ ಹಣದ ದೂರು ಕೇಳುವ ಸರ್ಕಾರಿ ಮಂಡಳಿಗೆ ದೂರು ಕೊಡಬಹುದು ಎಂದು ಆಗಲೂ ಹೇಳಿದರು. ಕೊಟ್ಟವನಿಗೆ ಮುಂದಿನ ಆರ್ಡರ್ ಬರುತ್ತದೆಯೇ, ಅದನ್ನೂ ಹೇಳಿ.

ಶಿವಾಜಿನಗರದ ಕರಿಕೋಟು
ಮಂಗಳವಾರ, ಸಂಜೆ 6.30

ಬರುವುದಿಲ್ಲ. ಅದನ್ನು ಮುಚ್ಚಿಡುವುದು ತಪ್ಪು. ಮಂಡಳಿ ಸಂಬಂಧ ಮುಗಿದ ಮೇಲಿನ ಬಾಗಿಲು. 90 ದಿನದಲ್ಲಿ ತೀರ್ಮಾನ ಎಂದು ಕಾಯ್ದೆಯಲ್ಲಿದೆ, ವಾಸ್ತವದಲ್ಲಿ ಅದಕ್ಕಿಂತ ಬಹಳ ಎಳೆಯುತ್ತದೆ. ಆದರೆ ಆ ಬಾಗಿಲಿಗೆ ಎರಡು ಗಟ್ಟಿ ಕೀಲುಗಳಿವೆ. ಮಂಡಳಿ ನಿಮ್ಮ ಪರ ಆದೇಶ ಕೊಟ್ಟರೆ ಕಂಪನಿ ಅದನ್ನು ಪ್ರಶ್ನಿಸುವ ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು. ಮತ್ತೆ, ಸರಕು, ಸೇವೆ ಕೊಟ್ಟವರು ಇರುವ ಜಾಗದ ಮಂಡಳಿಗೇ ಅಧಿಕಾರ. ಕರಾರಿನಲ್ಲಿ ಬೇರೆ ಮಧ್ಯಸ್ಥಿಕೆ ಬರೆದಿದ್ದರೂ ಕಾಯ್ದೆಯ ದಾರಿಗೆ ಅಡ್ಡಿಯಿಲ್ಲ ಎಂದು 2022ರಲ್ಲಿ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ತೀರ್ಪಾಗಿದೆ. ಹಣ ಬಾಕಿಯ ಜಗಳಕ್ಕೆ ಗುರುಗ್ರಾಮದ ಭಯ ಅಷ್ಟು ಬೇಡ ಎನ್ನುವುದು ಅದಕ್ಕೇ.

ನಿಮ್ಮ ಬುಷ್ ಪ್ರಶ್ನೆಗೂ ಕಾಯ್ದೆಯಲ್ಲೇ ಉತ್ತರವಿದೆ ಸರ್. ಕೊಟ್ಟ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಬರದಿದ್ದರೆ, ಕೊಟ್ಟ ದಿನವೇ ಸ್ವೀಕರಿಸಿದ ದಿನ. ನಾಲ್ಕನೇ ತಿಂಗಳ ಡೆಬಿಟ್ ನೋಟಿಗೆ ಅಲ್ಲಿ ಜಾಗವೇ ಇಲ್ಲ. ಸಾಬೀತು ಮಾಡಲು ಕೊಟ್ಟ ದಿನದ ಕಾಗದ ಬೇಕು, ಅಷ್ಟೇ.

ಭೋಸರಿ ಲೇತ್
ಮಂಗಳವಾರ, ಸಂಜೆ 6.50

ಆ ಪಾಠ ಕಲಿತೆ. ಈಗ ಟೆಂಪೊ ಒಳಗೆ ಹೋದ ಸಂಜೆಯೇ ಚಲನ್ ಫೋಟೊ ಸಮೇತ ಇಮೇಲ್ ಹೋಗುತ್ತದೆ. ಕರಾರಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮುಲುಂಡ್ ವಿನ್ಯಾಸ
ಮಂಗಳವಾರ, ರಾತ್ರಿ 8.15

ಒಂದು ಸಂಶಯ. 2019ರ ಗ್ರಾಹಕ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬ ಮಾತೇ ಇದೆಯಲ್ಲ? ಅತಿಯಾದ ಠೇವಣಿ, ಮಿತಿಮೀರಿದ ದಂಡ, ಕಾರಣವಿಲ್ಲದೆ ಏಕಪಕ್ಷೀಯವಾಗಿ ಮುಗಿಸುವುದು, ಎಲ್ಲವೂ ಆ ಪಟ್ಟಿಯಲ್ಲಿವೆ. ಇವರ ಕರಾರನ್ನೇ ನೋಡಿ ಬರೆದ ಹಾಗಿದೆ.

ಶಿವಾಜಿನಗರದ ಕರಿಕೋಟು
ಮಂಗಳವಾರ, ರಾತ್ರಿ 8.40

ಇದೆ, ಆದರೆ ಅದು ಗ್ರಾಹಕರಿಗೆ. ಇಲ್ಲಿ ಅಡುಗೆಮನೆಯವರು ಮಾರುವವರು. 1986ರ ಬ್ರೋಜೋ ನಾಥ್ ಗಂಗೂಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಲಹೀನರ ಮೇಲೆ ಹೇರಿದ ಷರತ್ತನ್ನು ರದ್ದು ಮಾಡಿತು. ಅದೇ ತೀರ್ಪಿನಲ್ಲಿ ಇಬ್ಬರೂ ವ್ಯಾಪಾರಸ್ಥರಾಗಿದ್ದು ವ್ಯಾಪಾರದ ಕರಾರು ಆಗಿದ್ದರೆ ಈ ತತ್ವ ಅನ್ವಯಿಸದಿರಬಹುದು ಎಂದೂ ಬರೆಯಿತು. ಹದಿನಾಲ್ಕು ಜನರ ಅಡುಗೆಮನೆ ಮತ್ತು ಸಾವಿರಾರು ಜನರ ಕಂಪನಿ, ಇಬ್ಬರೂ ‘ವ್ಯಾಪಾರಸ್ಥರು’. ಕಾನೂನು ಆಯೋಗ 2006ರ ತನ್ನ 199ನೇ ವರದಿಯಲ್ಲಿ ಅನ್ಯಾಯದ ಷರತ್ತುಗಳ ಬಗ್ಗೆಯೇ ಪ್ರತ್ಯೇಕ ಕಾನೂನು ಬೇಕೆಂದು ಕರಡನ್ನೂ ಕೊಟ್ಟಿತ್ತು. ಅದು ಕಪಾಟಿನಲ್ಲಿದೆ. ನನಗೆ ಇದರ ಬಗ್ಗೆ ಸಿಟ್ಟಿದೆ, ಆದರೆ ಶುಕ್ರವಾರದೊಳಗೆ ಆ ಸಿಟ್ಟು ನಿಮ್ಮ ಉಪಯೋಗಕ್ಕೆ ಬಾರದು.

ಆ ಬದಿಯವನು
ಮಂಗಳವಾರ, ರಾತ್ರಿ 11.10

ನಾನು ಎದುರು ಪಕ್ಷದವನು. ಪುಣೆಯಲ್ಲೇ ಒಂದು ಕಂಪನಿಯ ಖರೀದಿ ವಿಭಾಗದಲ್ಲಿದ್ದೇನೆ (ಇವರು ಹೇಳುತ್ತಿರುವ ಕಂಪನಿಯಲ್ಲ). ಬೈಯುವ ಮೊದಲು ಓದಿ.

ಆ 38 ಪುಟವನ್ನು ನಿಮಗೆ ಮೋಸ ಮಾಡಲೆಂದು ಯಾರೂ ಕುಳಿತು ಬರೆದಿಲ್ಲ. ಪ್ರಧಾನ ಕಚೇರಿಯಿಂದ ಬಂದ ಒಂದೇ ಅಚ್ಚು ಎಲ್ಲರಿಗೂ ಹೋಗುತ್ತದೆ: ಸಾಫ್ಟ್‌ವೇರ್ ಮಾಡುವವರಿಗೆ, ಕುಂಡದ ಗಿಡಗಳಿಗೆ ನೀರು ಹಾಕುವವರಿಗೆ, ಊಟ ಕೊಡುವವರಿಗೆ. ಅಡುಗೆಮನೆಯವರೇ, ಕೊನೆಯ ಹತ್ತು ಪುಟದೊಳಗೆ ಎಲ್ಲಾದರೂ ಸೋರ್ಸ್ ಕೋಡ್ (ಸಾಫ್ಟ್‌ವೇರಿನ ಮೂಲ ಬರಹ) ಹಸ್ತಾಂತರದ ಷರತ್ತು ಇದೆಯೇ ನೋಡಿ. ಇದ್ದರೆ ನಿಮ್ಮ ಕರಾರನ್ನು ಆ ಕಡೆಯಲ್ಲಿ ಯಾರೂ ಓದಿಲ್ಲ ಎಂದೇ ಅರ್ಥ. ಅದು ನಿಮಗೆ ಒಳ್ಳೆಯ ಸುದ್ದಿ.

ಏಕೆಂದರೆ ಅಚ್ಚನ್ನು ತಿದ್ದಬೇಕಾದರೆ ಕಾನೂನು ವಿಭಾಗ, ಪ್ರಧಾನ ಕಚೇರಿ, ಮೂರು ವಾರ. ಖರೀದಿಯವರು ಅದನ್ನು ತಪ್ಪಿಸಲು ‘ಆಗುವುದಿಲ್ಲ’ ಎಂದುಬಿಡುತ್ತಾರೆ. ಅದೇ ಮಾತನ್ನು ಅನುಬಂಧದಲ್ಲಿ ಕೇಳಿದರೆ, ದರ, ಸಂಖ್ಯೆ, ದಂಡದ ಮಿತಿ, ಹಣದ ಗಡುವು ಇಂಥವನ್ನು ನಮ್ಮ ಮಟ್ಟದಲ್ಲೇ ಮುಗಿಸಬಹುದು. ಒಂದೇ ಪುಟದ ಅನುಬಂಧ ಮಾಡಿ. ಅದರ ಮೊದಲ ಸಾಲು: ಮೂಲ ಕರಾರಿಗೂ ಈ ಅನುಬಂಧಕ್ಕೂ ವ್ಯತ್ಯಾಸ ಬಂದಲ್ಲಿ ಅನುಬಂಧವೇ ಅಂತಿಮ. ಆ ಸಾಲು ಬಿಟ್ಟರೆ ಉಳಿದದ್ದೆಲ್ಲ ಊಟಕ್ಕಿಲ್ಲದ ಉಪ್ಪಿನಕಾಯಿ. ನಾನು ಈ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು, ಹೀಗೆ ಕೇಳಿದ ಸಣ್ಣ ವ್ಯಾಪಾರಸ್ಥರು ಇಬ್ಬರು. ಇಬ್ಬರಿಗೂ ಅರ್ಧಕ್ಕಿಂತ ಹೆಚ್ಚು ಸಿಕ್ಕಿತು.

ಕೊನೆಗೆ, ನೀವು ಕೊಟ್ಟ ಪಟ್ಟಿಯಲ್ಲಿ ಅತ್ಯಂತ ಅಪಾಯದ ಷರತ್ತೇ ಇಲ್ಲ, ಏಕೆಂದರೆ ಅದು ಕರಾರಿನಲ್ಲೇ ಇರಲಿಕ್ಕಿಲ್ಲ. 420 ಊಟ ಎಂದು ನೀವು ಹೇಳುತ್ತೀರಿ. ಕರಾರು ಏನು ಹೇಳುತ್ತದೆ?

ವಾಕಡ್ ಅಡುಗೆಮನೆ
ಬುಧವಾರ, ಮಧ್ಯಾಹ್ನ 3.30

ಮೊದಲು ನಗುವ ವಿಷಯ. 31ನೇ ಪುಟದಲ್ಲಿ ಸೋರ್ಸ್ ಕೋಡ್ ಇದೆ! ಕೆಲಸದಿಂದ ಹುಟ್ಟಿದ ಎಲ್ಲ ಬೌದ್ಧಿಕ ಆಸ್ತಿಯೂ ಕಂಪನಿಯದು ಎಂದೂ ಇದೆ. ಅಮ್ಮನ ಕಾಲದ ಸಾಂಬಾರು ಪುಡಿ ಇನ್ನು ಗುರುಗ್ರಾಮದ ಪಾಲು ಎಂದು ಮಗಳು ನಗುತ್ತಿದ್ದಾಳೆ.

ಈಗ ನಗಲಾಗದ ವಿಷಯ. ಕರಾರಿನಲ್ಲಿ 420 ಎಂದು ಎಲ್ಲಿಯೂ ಇಲ್ಲ. ‘ಅಗತ್ಯಕ್ಕೆ ಅನುಗುಣವಾಗಿ’ ಎಂದಿದೆ. ಓದಿದ ಮೇಲೆ ಮನಸ್ಸು ತಡೆಯಲಿಲ್ಲ. ಇವತ್ತು ಬೆಳಿಗ್ಗೆ ಹಿಂಜೇವಾಡಿಗೆ ಹೋಗಿ ಅವರ ಗೇಟಿನೆದುರು ಚಹಾ ಅಂಗಡಿಯಲ್ಲಿ ಕುಳಿತೆ. ಈಗಿನ ಕ್ಯಾಂಟೀನಿನ ಹುಡುಗರು ಹತ್ತೂವರೆಗೆ ಚಹಾಕ್ಕೆ ಬಂದರು, ಒಬ್ಬ ವಿಜಯಪುರದವನು. ಮಂಗಳವಾರದಿಂದ ಗುರುವಾರದವರೆಗೆ ನಾನೂರು ದಾಟುತ್ತದೆ, ಸೋಮವಾರ ಮುನ್ನೂರು, ಶುಕ್ರವಾರ ಮನೆಯಿಂದ ಕೆಲಸ ಮಾಡುವವರೇ ಹೆಚ್ಚು, 240 ಬಂದರೆ ಅದೃಷ್ಟ ಎಂದ. ಉಳಿದ ಅನ್ನ ಏನು ಮಾಡುತ್ತೀರಿ ಎಂದು ಕೇಳಿದೆ. ಅವನು ಲೋಟ ಕೆಳಗಿಟ್ಟು ಬರಿದೇ ಕೈ ಆಡಿಸಿದ.

ಶುಕ್ರವಾರ 420ಕ್ಕೆ ಅಕ್ಕಿ ಹಾಕಿ 240 ಊಟಕ್ಕೆ ಬಿಲ್ ಮಾಡಿದರೆ 180 ಊಟ, 15,300 ರೂಪಾಯಿ ಒಂದೇ ದಿನ ತಿಪ್ಪೆಗೆ.

ಇದೇ ಹೊತ್ತಿನಲ್ಲಿ ಖರಾಡಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಅಲ್ಲೂ 15 ದಿನದ ನೋಟಿಸ್. ಆ ಕ್ಯಾಂಟೀನಿಗೆಂದೇ ಎರಡು ಫ್ರಿಜ್, ಬಿಸಿ ಪಾತ್ರೆಗಳ ಮೇಜು, ಇಪ್ಪತ್ತು ಲೀಟರಿನ ಗ್ರೈಂಡರ್ ಕೊಂಡಿದ್ದೆ. ಕೊನೆಯ ದಿನ ಟೆಂಪೊ ತಂದು ನಿಲ್ಲಿಸಿದರೆ ಕಾವಲುಗಾರ ಗೇಟ್ ಪಾಸ್ ಕೇಳಿದ. ಪಾಸ್ ಕೊಡಬೇಕಾದ ಕಚೇರಿಯಲ್ಲಿ ‘ಇದು ನಿಮ್ಮದು ಎನ್ನುವುದಕ್ಕೆ ದಾಖಲೆ ಎಲ್ಲಿ’ ಎಂದರು. ನನ್ನದೇ ದುಡ್ಡಿನ ಗ್ರೈಂಡರ್ ನಲವತ್ತು ದಿನ ಅವರ ನೆಲಮಾಳಿಗೆಯಲ್ಲಿ ಕುಳಿತಿತ್ತು. ಅತ್ತ ಮದುವೆ ಋತು, ಇತ್ತ ನಾನು ಬಾಡಿಗೆಗೆ ಗ್ರೈಂಡರ್ ತಂದು ಹಿಟ್ಟು ರುಬ್ಬಿಸಿದೆ. ಮರಳಿ ಬಂದಾಗ ಒಂದು ಕಲ್ಲು ಬಿರುಕು ಬಿಟ್ಟಿತ್ತು.

ಮಡಗಾಂವ್ ಮಂಟಪ
ಬುಧವಾರ, ಸಂಜೆ 5.15

ಗೋವೆಯಲ್ಲಿ ಹೋಟೆಲುಗಳ ಮದುವೆಗೆ ಹೂವು, ಮಂಟಪ ಮಾಡುತ್ತೇನೆ. ಸಂಖ್ಯೆಯ ವಿಷಯದಲ್ಲಿ ನಾನು ಕಲಿತದ್ದು: ಕನಿಷ್ಠ ಎಷ್ಟು ಎನ್ನುವುದರ ಜೊತೆಗೆ ‘ಎಷ್ಟು ಗಂಟೆಯೊಳಗೆ ತಿಳಿಸಬೇಕು’ ಎನ್ನುವುದನ್ನೂ ಬರೆಸಿ. ನನ್ನದು 48 ಗಂಟೆ, ಅದಾದ ಮೇಲೆ ರದ್ದು ಮಾಡಿದರೂ ಪೂರ್ತಿ ಹಣ. ಬೆಳಗಾವಿಯಿಂದ ಲಾರಿಯಲ್ಲಿ ಹೊರಟ ಸೇವಂತಿಗೆ ಹೂವು ಅರ್ಧ ದಾರಿಯಿಂದ ಹಿಂದಿರುಗುವುದಿಲ್ಲ. ಬಾಕಿಯನ್ನು ಮೇ ಒಳಗೆ ವಸೂಲು ಮಾಡಿ, ಮಳೆ ಶುರುವಾದ ಮೇಲೆ ಇಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಅದು ನಿಮ್ಮ ಹಿಂಜೇವಾಡಿಗೆ ಸಂಬಂಧವಿಲ್ಲ ಬಿಡಿ.

ಶಿವಾಜಿನಗರದ ಕರಿಕೋಟು
ಬುಧವಾರ, ರಾತ್ರಿ 9.00

ಆ ಬದಿಯವರ ಸಲಹೆ ನಾನು ಕೊಟ್ಟದ್ದಕ್ಕಿಂತ ಚೆನ್ನಾಗಿದೆ. ಅನುಬಂಧವನ್ನೇ ಮಾಡಿ. ಕಾನೂನಿನ ಹೆಸರು, ಕಲಮಿನ ಸಂಖ್ಯೆ ಯಾವುದನ್ನೂ ಹಾಕಬೇಡಿ, ಹಾಕಿದರೆ ಕಡತ ನೇರವಾಗಿ ಕಾನೂನು ವಿಭಾಗಕ್ಕೆ ಹೋಗುತ್ತದೆ. ಇಮೇಲ್ ಹೀಗಿರಲಿ:

‘ಕರಾರು ಓದಿದೆವು, ಕೆಲಸ ಆರಂಭಿಸಲು ಉತ್ಸುಕರಾಗಿದ್ದೇವೆ. ಇದು ಸಾಮಾನ್ಯ ನಮೂನೆಯಾದ್ದರಿಂದ ಕ್ಯಾಂಟೀನಿಗೆ ಬೇಕಾದ ಕೆಲವು ವಿವರಗಳು ಅದರಲ್ಲಿಲ್ಲ. ಅವನ್ನು ಒಂದು ಪುಟದ ಅನುಬಂಧದಲ್ಲಿ ಬರೆದಿದ್ದೇವೆ. ಅಡಚಣೆ ಎನಿಸಿದ ಅಂಶವಿದ್ದರೆ ಫೋನಿನಲ್ಲಿ ಮಾತಾಡೋಣ. ನಾವು ಉದ್ಯಮ್ ನೋಂದಾಯಿತ ಕಿರು ಉದ್ಯಮ, ಪ್ರಮಾಣಪತ್ರ ಲಗತ್ತಿಸಿದೆ.’

ಕೊನೆಯ ವಾಕ್ಯ ಮಾತ್ರ ಬಿಡಬೇಡಿ, ಅದನ್ನು ಲೆಕ್ಕ ವಿಭಾಗದವರು ಓದುತ್ತಾರೆ. ಫೋನಿನಲ್ಲಿ ಏನೇ ಒಪ್ಪಿದರೂ ಅದೇ ಸಂಜೆ ‘ಇಂದು ಮಾತಾಡಿದಂತೆ’ ಎಂದು ಶುರುಮಾಡಿ ಇಮೇಲ್ ಹಾಕಿ. ದೇವರು ವರ ಕೊಟ್ಟರೂ ಪೂಜಾರಿ ಕೊಡನು, ಅವನಿಗೆ ಕಾಗದ ಬೇಕು. ಗ್ರೈಂಡರ್, ಫ್ರಿಜ್ ಎಲ್ಲದರ ಸರಣಿ ಸಂಖ್ಯೆಯ ಪಟ್ಟಿಯನ್ನು ಅನುಬಂಧದ ಹಿಂದೆ ಸೇರಿಸಿ, ಕರಾರು ಮುಗಿದ ಮೂರು ದಿನದಲ್ಲಿ ಹೊರಗೆ ಒಯ್ಯಲು ಅನುಮತಿ ಎಂದು ಬರೆಯಿರಿ.

ವಾಕಡ್ ಅಡುಗೆಮನೆ
ಮುಂದಿನ ಬುಧವಾರ, ರಾತ್ರಿ 10.15

ಸಹಿ ಆಯಿತು. ಶುಕ್ರವಾರ ಅಲ್ಲ, ನಿನ್ನೆ. ಶುಕ್ರವಾರ ದಾಟಿದ್ದಕ್ಕೆ ಆಕಾಶವೇನೂ ಕಳಚಿ ಬೀಳಲಿಲ್ಲ, ಆ ಗಡುವು ಎಲ್ಲಿಂದ ಬಂತೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಣಕ್ಕೆ 45 ದಿನ ಎಂಬುದನ್ನು ಕೇಳಿದ ಹತ್ತೇ ನಿಮಿಷಕ್ಕೆ ಒಪ್ಪಿದರು, ಲೆಕ್ಕ ವಿಭಾಗದವರೇ ಹಾಗೆ ಬರೆಯಿರಿ ಎಂದರಂತೆ. ಕನಿಷ್ಠ ಸಂಖ್ಯೆಗೆ ದೊಡ್ಡ ಜಗ್ಗಾಟ. ನಾನು 340 ಕೇಳಿದೆ, ಅವರು ಇಲ್ಲವೇ ಇಲ್ಲ ಎಂದರು. ಶುಕ್ರವಾರ ಎಷ್ಟು ಜನ ಬರುತ್ತಾರೆ ಎಂದು ನಮಗೆ ಗೊತ್ತಿದೆ ಎಂದಾಗ ಆ ಅಧಿಕಾರಿ ಸ್ವಲ್ಪ ಹೊತ್ತು ಸುಮ್ಮನಾದರು. 300ಕ್ಕೆ ನಿಂತಿತು, ಅದಕ್ಕಿಂತ ಹೆಚ್ಚು ಬೇಕಾದರೆ ಹಿಂದಿನ ಸಂಜೆ ಆರರೊಳಗೆ ತಿಳಿಸಬೇಕು. ದಂಡ 5,000, ತಿಂಗಳಲ್ಲಿ ಬಿಲ್ಲಿನ ಶೇ 5 ಮೀರುವಂತಿಲ್ಲ, ದೂರು 24 ಗಂಟೆಯೊಳಗೆ ಫೋಟೊ ಸಮೇತ ಬರವಣಿಗೆಯಲ್ಲಿ. ನೋಟಿಸ್ ಅವರಿಗೆ 30, ನನಗೆ 60. ಐದು ಕಿಲೋಮೀಟರ್ ಎನ್ನುವುದು ‘ಅದೇ ಕಟ್ಟಡದ ಆವರಣ’ ಆಯಿತು. ನಷ್ಟಭರ್ತಿಗೆ ಮೂರು ತಿಂಗಳ ಮಿತಿ ಕೊಡಲಿಲ್ಲ, ಆರು ಎಂದರು, ತೆಗೆದುಕೊಂಡೆ. ದರದಲ್ಲಿ ಸೋತೆ: ‘ಆರು ತಿಂಗಳಿಗೊಮ್ಮೆ ಚರ್ಚಿಸಬಹುದು’ ಎಂದಷ್ಟೇ ಇದೆ. ಸಿಲಿಂಡರ್, ತೊಗರಿಬೇಳೆಯ ಬೆಲೆಗೆ ಜೋಡಿಸಿದ ಲೆಕ್ಕಸೂತ್ರವನ್ನು ಮಗಳು ಕಷ್ಟಪಟ್ಟು ಬರೆದಿದ್ದಳು, ನೋಡಲೂ ಇಲ್ಲ. ಠೇವಣಿ ಮೂರು ಲಕ್ಷವೇ, ಮುಗಿದ 30 ದಿನದಲ್ಲಿ ವಾಪಸ್ ಎಂದು ಸೇರಿತು. ಗುರುಗ್ರಾಮ ಅಲ್ಲಾಡಲಿಲ್ಲ. ಸೋರ್ಸ್ ಕೋಡೂ ಹಾಗೆಯೇ ಇದೆ, ಆದರೆ ಅನುಬಂಧದ ಕೊನೆಯಲ್ಲಿ ‘ಅಡುಗೆಯ ವಿಧಾನಗಳು ಬಡಿಸುವವರದೇ’ ಎಂದು ಮಗಳು ಹಟ ಹಿಡಿದು ಬರೆಸಿದಳು.

ಇವತ್ತು ಬೆಳಿಗ್ಗೆ ಗ್ರೈಂಡರ್ ಒಳಗೆ ಹೋಯಿತು. ಗೇಟಿನ ಪುಸ್ತಕದಲ್ಲಿ ಅದರ ಸಂಖ್ಯೆ ಬರೆಸಿ, ಕಾವಲುಗಾರನ ಸಹಿ ಹಾಕಿಸಿ, ಫೋಟೊ ತೆಗೆದುಕೊಂಡೆ. ಅವನಿಗೆ ನಾನೇನೋ ತಿಕ್ಕಲು ಮನುಷ್ಯ ಎನಿಸಿರಬೇಕು.

ಭೋಸರಿ ಲೇತ್
ಮುಂದಿನ ಬುಧವಾರ, ರಾತ್ರಿ 10.40

ಮೊದಲ ಬಿಲ್ 45ನೇ ದಿನಕ್ಕೆ ಬಂದರೆ ಇಲ್ಲಿ ಬರೆಯಿರಿ. ಆಗ ನಂಬುತ್ತೇನೆ.

ವಾಕಡ್ ಅಡುಗೆಮನೆ
ಮೂರು ತಿಂಗಳ ನಂತರ

ಬರೆಯಿರಿ ಎಂದು ಕೇಳಿದ್ದಿರಿ. ಮೊದಲ ಬಿಲ್ಲಿನ ಹಣ 52ನೇ ದಿನ ಬಂತು. 46ನೇ ದಿನ ಬೆಳಿಗ್ಗೆ ಅನುಬಂಧದ ಎರಡನೇ ಸಾಲನ್ನು ನಕಲು ಮಾಡಿ, ಒಂದು ಮಾತೂ ಸೇರಿಸದೆ ಲೆಕ್ಕ ವಿಭಾಗಕ್ಕೆ ಕಳುಹಿಸಿದ್ದೆ. ಎರಡನೆಯದು 44ಕ್ಕೇ ಬಂತು. ಕಳೆದ ಶುಕ್ರವಾರ ಊಟಕ್ಕೆ ಬಂದವರು 236, ಬಿಲ್ 300ಕ್ಕೆ. ತಡವಾದ ಏಳು ದಿನದ ಬಡ್ಡಿ ಕೇಳಲಿಲ್ಲ, ಹೊಸ ಸಂಬಂಧ ಎಂದು ಬಿಟ್ಟುಬಿಟ್ಟೆ.

ಭೋಸರಿ ಲೇತ್
ಅದೇ ದಿನ, ರಾತ್ರಿ 11.05

ಬಡ್ಡಿ ಕೇಳಬೇಕಿತ್ತು.